ಮನೆಯ ಗಣಕಯಂತ್ರಕ್ಕೆ ಯಾವ ಫೈರ್‌ವಾಲ್ ಸೂಕ್ತ?

ಅಂಗಡಿಯ ಬಾಗಿಲು ಹಾಕಿದ ಮೇಲೆ ದಿನದ ಲೆಕ್ಕವನ್ನು ಮನೆಯ ಗಣಕಯಂತ್ರದಲ್ಲಿ ಬರೆದಿಡುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಬ್ಯಾಂಕಿನ ಮೂಲಕ ಹಣ ಪಾವತಿಸುವುದು ಸಣ್ಣ ವರ್ತಕರಲ್ಲಿಯೂ ರೂಢಿಯಾಗಿದೆ. ಅದೇ ಯಂತ್ರದಲ್ಲಿ ಮಕ್ಕಳು ಆಟದ ತಂತ್ರಾಂಶಗಳನ್ನೂ ಇಳಿಸಿಕೊಳ್ಳುತ್ತಾರೆ. ಆದುದರಿಂದ ಅದರ ರಕ್ಷಣೆಯು ವ್ಯಾಪಾರದ ರಕ್ಷಣೆಯೂ ಹೌದು. ವಿಂಡೋಸ್‌ನೊಡನೆ ಬರುವ ಫೈರ್‌ವಾಲ್ ಸಾಕೇ, ಬೇರೆ ಸಂಸ್ಥೆಯದನ್ನು ಅಳವಡಿಸಬೇಕೇ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಫೈರ್‌ವಾಲ್‌ನ ಕೆಲಸ

ಉಗ್ರಾಣದ ಬಾಗಿಲಿನಲ್ಲಿ ಗೇಟ್ ಪಾಸ್ ನೋಡಿ ಸರಕನ್ನು ಬಿಡುವ ಕಾವಲುಗಾರನಂತೆ, ಫೈರ್‌ವಾಲ್ ಗಣಕಯಂತ್ರಕ್ಕೆ ಒಳಬರುವ ಮತ್ತು ಅದರಿಂದ ಹೊರಹೋಗುವ ಸಂಪರ್ಕಗಳನ್ನು ನಿಯಮಾನುಸಾರ ಬಿಡುತ್ತದೆ ಅಥವಾ ತಡೆಯುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇದ್ದರೂ ಅದು ತಾನಾಗಿ ಚಾಲನೆಯಲ್ಲಿರಲಿಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್, ಬಳಕೆದಾರರು ಏನನ್ನೂ ಒತ್ತದಿದ್ದರೂ, ಅಂತರಜಾಲಕ್ಕೆ ಜೋಡಿಸಿದ ಯಂತ್ರಗಳನ್ನು ಹೊಕ್ಕಿತು. 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿ ಚಾಲನೆಗೊಳ್ಳುವಂತೆ ಮಾಡಿತು.

ಆದರೆ ಅದು ಒಳಬರುವುದನ್ನು ಮಾತ್ರ ತಡೆಯುತ್ತಿತ್ತು. ಹೊರಹೋಗುವುದನ್ನೂ ಗಮನಿಸುವ ಝೋನ್‌ಅಲಾರ್ಮ್, ಸೈಗೇಟ್, ಕೆರಿಯೋ ಮೊದಲಾದವು ಜನಪ್ರಿಯವಾಗಲು ಇದೂ ಒಂದು ಕಾರಣ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದ ವಿಂಡೋಸ್ ಫೈರ್‌ವಾಲ್‌ನಲ್ಲಿಯೂ ಹೊರಹೋಗುವ ಸಂಪರ್ಕಕ್ಕೆ ನಿಯಮ ಹಾಕಬಹುದಾಗಿದೆ. ಬಳಕೆದಾರರು ನಿಯಮ ಹಾಕದಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಹೊರಹೋಗುವುದನ್ನು ತಡೆಯುವುದಿಲ್ಲ.

ಹೊರಗಿನ ಫೈರ್‌ವಾಲ್: ಲಾಭ, ತೊಡಕು

ಇಂತಹ ಹಲವು ತಂತ್ರಾಂಶಗಳು, ಯಾವುದಾದರೂ ಪ್ರೋಗ್ರಾಂ ಮೊದಲ ಬಾರಿ ಹೊರಗೆ ಸಂಪರ್ಕ ಬಯಸಿದಾಗ ಅನುಮತಿ ಕೇಳುತ್ತವೆ. ಗುಟ್ಟಾಗಿ ಮಾಹಿತಿ ಕಳುಹಿಸುವ ಪ್ರೋಗ್ರಾಂ ಹೀಗೆ ಬೆಳಕಿಗೆ ಬರಬಹುದು. ಆದರೆ ಪ್ರಶ್ನೆಯನ್ನು ಓದದೆ ಪ್ರತಿ ಬಾರಿಯೂ ಅನುಮತಿ ಒತ್ತುವ ಮನೆಯಲ್ಲಿ ಈ ಲಾಭವಿಲ್ಲ.

ತೊಡಕುಗಳೂ ಉಂಟು. 2004ರ ಮಾರ್ಚ್‌ನಲ್ಲಿ ವಿಟ್ಟಿ ಎಂಬ ವರ್ಮ್, ಬ್ಲ್ಯಾಕ್‌ಐಸ್ ಮೊದಲಾದ ಫೈರ್‌ವಾಲ್‌ಗಳಲ್ಲಿದ್ದ ದೋಷದ ಮೂಲಕವೇ ಒಳನುಗ್ಗಿ ಡಿಸ್ಕ್‌ನಲ್ಲಿದ್ದ ಮಾಹಿತಿಯನ್ನು ಹಾಳುಮಾಡಿತು. 2005ರಲ್ಲಿ ಸೈಗೇಟನ್ನು ಸಿಮ್ಯಾಂಟೆಕ್ ಕೊಂಡ ಮೇಲೆ ಅದರ ಗೃಹಬಳಕೆಯ ಫೈರ್‌ವಾಲ್ ನಿಂತುಹೋಯಿತು. 2008ರ ಜುಲೈನಲ್ಲಿ ವಿಂಡೋಸ್‌ನ ಒಂದು ಸುರಕ್ಷತಾ ಪರಿಷ್ಕರಣೆ ಝೋನ್‌ಅಲಾರ್ಮ್‌ಗೆ ಹೊಂದದೆ, ಅದರ ಅನೇಕ ಬಳಕೆದಾರರ ಅಂತರಜಾಲ ಸಂಪರ್ಕ ಕಡಿದುಹೋಗಿತ್ತು.

ಆಯ್ಕೆ ಹೇಗೆ?

ಹೆಚ್ಚಿನ ಮನೆಗಳಿಗೆ, ಚಾಲನೆಯಲ್ಲಿರುವ ಹಾಗೂ ಕಾಲಕಾಲಕ್ಕೆ ಪರಿಷ್ಕೃತವಾಗುವ ವಿಂಡೋಸ್ ಫೈರ್‌ವಾಲ್ ಸಾಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ವಿಭಾಗಗಳಲ್ಲಿಯೂ ಅದು ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಹೋಟೆಲ್, ನಿಲ್ದಾಣಗಳ ವೈಫೈಯನ್ನು ಪಬ್ಲಿಕ್ ಎಂದೇ ಗುರುತಿಸಬೇಕು. ಲೆಕ್ಕದ ಕಡತಗಳನ್ನು ಎರಡು ಯಂತ್ರಗಳ ನಡುವೆ ಹಂಚಿಕೊಳ್ಳುವುದಾದರೆ ಪ್ರೈವೇಟ್ ಜಾಲಕ್ಕೆ ಮಾತ್ರ ಅನುಮತಿ ನೀಡಬೇಕು.

ಪ್ರತಿ ಎಚ್ಚರಿಕೆಯನ್ನೂ ಓದಿ ನಿರ್ಧರಿಸುವ ವ್ಯವಧಾನವುಳ್ಳವರು ಹೊರಗಿನ ಫೈರ್‌ವಾಲ್ ಆರಿಸಿಕೊಳ್ಳಬಹುದು. ಅದನ್ನು ತಯಾರಕರಿಂದಲೇ ಪಡೆಯುವುದು ಕ್ಷೇಮ. ಎರಡು ಫೈರ್‌ವಾಲ್‌ಗಳು ಒಟ್ಟಿಗೆ ನಡೆದರೆ ನಿಯಮಗಳು ಒಂದಕ್ಕೊಂದು ತೊಡರಬಹುದಾದ್ದರಿಂದ ಒಂದನ್ನೇ ಇಟ್ಟುಕೊಳ್ಳಬೇಕು. ಚಂದಾ ಅವಧಿ ಮುಗಿದಾಗ ಅಥವಾ ಅದನ್ನು ತೆಗೆದುಹಾಕಿದಾಗ, ವಿಂಡೋಸ್‌ನ ಫೈರ್‌ವಾಲ್ ಮತ್ತೆ ಚಾಲನೆಗೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ಎರಡಕ್ಕೂ ಮಿತಿಯುಂಟು. 2017ರ ಮೇ ತಿಂಗಳಲ್ಲಿ ಹಲವು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ, ಕಡತ ಹಂಚಿಕೆಗೆಂದು ತೆರೆದಿದ್ದ ದಾರಿಯಿಂದಲೇ ಹರಡಿತು. ಅದರ ಪರಿಹಾರ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ಅದನ್ನು ಬಳಸುವವರು ಗಮನಿಸಬೇಕು. ಬ್ಯಾಂಕಿನ ಹೆಸರಿನ ನಕಲಿ ಪುಟದಲ್ಲಿ ಗುಪ್ತಪದವನ್ನು ತಾವೇ ಬರೆದುಕೊಟ್ಟರೆ ಅದನ್ನು ತಡೆಯುವುದು ಯಾವ ಫೈರ್‌ವಾಲ್‌ನ ಕೆಲಸವೂ ಅಲ್ಲ. ಆದುದರಿಂದ ಲೆಕ್ಕಪತ್ರಗಳ ಒಂದು ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಪ್ರತ್ಯೇಕ ಡಿಸ್ಕ್‌ಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ಇಡುವುದು ಲೇಸು.