ಚಾ ಕುಡಿದರೆ ಇಮ್ಯುನಿಟಿ ಬರುತ್ತಾ? ಹಸಿದ ಹೊಟ್ಟೆಯ ಲೆಕ್ಕ ಬೇರೆ

ಬೆಳಗ್ಗೆ ಔರಾದ್, ಭಾಲ್ಕಿ ಕಡೆಯಿಂದ ಬೀದರ್‌ಗೆ ಬಂದಿಳಿಯುವವರು ಮೊದಲು ಹುಡುಕೋದು ಚಾ. "ನಾಷ್ಟಾ ಆಯ್ತೇನ್ರಿ?" ಅಂದ್ರೆ "ಚಾ ಆಗ್ಯಾದ್ರಿ" ಅನ್ನೋ ಉತ್ತರ ಎಷ್ಟೋ ಸಲ ಕೇಳಿದ್ದೇನೆ. ಚಾ, ಕಾಫಿಯಿಂದ ಇಮ್ಯುನಿಟಿ ಹೆಚ್ಚುತ್ತೆ ಅನ್ನೋ ವಾಟ್ಸಾಪ್ ಮೆಸೇಜ್ ನೋಡಿದಾಗ ನನಗೆ ನೆನಪಾಗೋದು ಇದೇ ಉತ್ತರ.

ನಮ್ಮ ರೋಗನಿರೋಧಕ ಕಣಗಳ ದೊಡ್ಡ ಪಾಲು ಇರೋದು ಕರುಳಿನಲ್ಲಿ. ಅವು ರೋಗಾಣುಗಳನ್ನು ತಡೆಯಬೇಕು, ಆದರೆ ಊಟದ ಮೇಲೆ, ಒಳ್ಳೆಯ ಬ್ಯಾಕ್ಟೀರಿಯಾಗಳ ಮೇಲೆ ಯುದ್ಧಕ್ಕೆ ನಿಲ್ಲಬಾರದು. ಈ ಸಂಯಮ ಕಾಯುವ ರಾಸಾಯನಿಕಗಳಲ್ಲಿ ಅಡಿನೋಸಿನ್ ಒಂದು. ಅದು ಉರಿಯೂತ ತಗ್ಗಿಸುತ್ತದೆ. ಕಣಗಳ ಮೇಲೆ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಬಂದು ಕೂರುತ್ತದೆ. ಚಾ ಕುಡಿದ್ರೆ ನಿದ್ದೆ ಹಾರೋದೂ ಇದರಿಂದಲೇ.

ಹಾಗಾದರೆ ಕೆಫೀನ್‌ನಿಂದ ಉರಿಯೂತ ಹೆಚ್ಚಬೇಕಲ್ಲ? ಅಷ್ಟು ಸರಳ ಇಲ್ಲ. 2014ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಕೆಫೀನ್ ದೊಡ್ಡ ಕರುಳಿನ ಉರಿಯೂತವನ್ನು ಕಡಿಮೆ ಮಾಡಿತು. ಬ್ಯಾಕ್ಟೀರಿಯಾ ಕರುಳಿಗೆ ಅಂಟಿಕೊಳ್ಳಲು ನೆರವಾಗುವ ಒಂದು ಪ್ರೋಟೀನನ್ನು ಅದು ತಗ್ಗಿಸಿತ್ತು. 2024ರಲ್ಲಿ 22 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನ, ಕಾಫಿ ಕುಡಿಯುವವರ ಕರುಳಿನಲ್ಲಿ ಲಾಸೋನಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿದೆ ಎಂದು ತೋರಿಸಿತು. ಪ್ರಯೋಗಾಲಯದಲ್ಲಿ ಕೆಫೀನ್ ತೆಗೆದ ಕಾಫಿಯಲ್ಲೂ ಅದು ಬೆಳೆಯಿತು. ಅಂದರೆ ಕಾಫಿಯ ಬೇರೆ ಅಂಶಗಳ ಪಾತ್ರವೂ ಇದೆ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಆಗುತ್ತೆ ಅಂತಿಲ್ಲ; ಒಂದು ಬ್ಯಾಕ್ಟೀರಿಯಾ ಹೆಚ್ಚಿದರೆ ಕಾಯಿಲೆ ಬರೋದಿಲ್ಲ ಅಂತಲೂ ಅಲ್ಲ.

ಖಚಿತವಾಗಿ ಗೊತ್ತಿರುವ ತೊಂದರೆ ಒಂದಿದೆ. ಚಾದಲ್ಲಿನ ಟ್ಯಾನಿನ್, ಬೇಳೆ, ಜೋಳ, ಸೊಪ್ಪಿನ ಕಬ್ಬಿಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ಸೇರದಂತೆ ಮಾಡುತ್ತದೆ. ಕಬ್ಬಿಣ ಕಡಿಮೆಯಾದರೆ ರೋಗನಿರೋಧಕ ಕಣಗಳೂ ಸೊರಗುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಾ, ಕಾಫಿ ಬೇಡ, ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ಐಸಿಎಂಆರ್‌ನ 2024ರ ಮಾರ್ಗಸೂಚಿ. ಐರನ್ ಮಾತ್ರೆಯನ್ನೂ ಚಾ ಜೊತೆ ನುಂಗಬಾರದು.

ಆದರೆ ಊಟಕ್ಕೆ ಬದಲು ಚಾ ಕುಡಿಯುವವರಿಗೆ ಈ ಸಲಹೆ ಏನು ಮಾಡೀತು? ಕರುಳಿನ ಗೋಡೆ ದುರಸ್ತಿಗೆ ಪ್ರೋಟೀನ್ ಬೇಕು. 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿ 7 ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಷ್ಟು ವಿರೋಧ ಬಂತು ನೆನಪಿಸಿಕೊಳ್ಳಿ. ಇಮ್ಯುನಿಟಿ ಬಗ್ಗೆ ಮೆಸೇಜ್ ಫಾರ್ವರ್ಡ್ ಮಾಡುವ ನಾವು, ನಮ್ಮ ಊರಿನ ಶಾಲೆ, ಅಂಗನವಾಡಿಯ ತಟ್ಟೆಯಲ್ಲಿ ಇವತ್ತು ಏನಿದೆ ಅಂತಲೂ ಕೇಳಬೇಕು.