ಸ್ವಂತ ಡ್ರಮ್ಮಿನ ದನಿ, ರಬ್ಬರ್ ಪ್ಯಾಡಿನ ಮೇಲೆ

ಪುಣೆಯ ಪಶ್ಚಿಮ ಅಂಚಿನಲ್ಲಿ ಹಳ್ಳಿಯಾಗಿದ್ದು, ಕೆಲವೇ ದಶಕಗಳಲ್ಲಿ ವಸತಿ ಸೊಸೈಟಿಗಳಿಂದ ತುಂಬಿಹೋದ ಕೋಥರೂಡದಲ್ಲಿ ಡ್ರಮ್‌ಸೆಟ್ ಅಭ್ಯಾಸ ಮಾಡುವುದು ಸುಲಭವಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿದ್ದರೆ, ಬಿರುಸಾಗಿ ಬಾರಿಸಿದ ಡ್ರಮ್ಮಿನ ಸದ್ದು ಹತ್ತಿರದಲ್ಲಿ 100 ಡೆಸಿಬೆಲ್ ದಾಟುತ್ತದೆ. ಗಣೇಶೋತ್ಸವಕ್ಕೆ ಮುನ್ನ ಢೋಲ್-ತಾಶಾ ಪಥಕಗಳು (ವಾದ್ಯತಂಡಗಳು) ಮುಠಾ ನದಿಯ ದಂಡೆಯಲ್ಲಿ ಒಟ್ಟಾಗಿ ತಾಲೀಮು ನಡೆಸುತ್ತವೆ. ಫ್ಲ್ಯಾಟಿನಲ್ಲಿ ಒಬ್ಬಂಟಿಯಾಗಿ ಕಲಿಯುವವರಿಗೆ ಅಂಥ ಬಯಲು ಒದಗದ ಕಾರಣ, ಅವರು ಹೆಡ್‌ಫೋನ್ ತೊಟ್ಟು ಬಾರಿಸಬಹುದಾದ ಎಲೆಕ್ಟ್ರಾನಿಕ್ ಡ್ರಮ್ಮಿಗೆ ಮೊರೆಹೋಗುತ್ತಾರೆ. ಆದರೆ ಅದರಲ್ಲಿ ಕೇಳಿಬರುವುದು ಎಲ್ಲೋ ಯಾರದೋ ವಾದ್ಯದಿಂದ ಹಿಡಿದಿಟ್ಟ ದನಿಯಾದ್ದರಿಂದ, ಸ್ವಂತ ಡ್ರಮ್ಮಿಗೆ ಪಳಗಿದ ಕಿವಿಗೆ ಅದು ಹೊಂದುವುದಿಲ್ಲ. ಸ್ವಂತ ಡ್ರಮ್ಮಿನ ದನಿಯನ್ನೇ ಧ್ವನಿಮುದ್ರಿಸಿ ಎಲೆಕ್ಟ್ರಾನಿಕ್ ಡ್ರಮ್ಮಿನ ರಬ್ಬರ್ ಪ್ಯಾಡಿಗೆ ಜೋಡಿಸಿದರೆ ಈ ಅಂತರ ಬಹುಮಟ್ಟಿಗೆ ತಗ್ಗುತ್ತದೆ.

ಒಂದು ಪೆಟ್ಟಿನ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿಯಂತೆ ಅಳೆದು, ಆ ಅಂಕಿಗಳ ಸಾಲನ್ನು ಕಡತವಾಗಿ ಉಳಿಸಿಕೊಂಡು, ಬೇಕಾದಾಗ ಮತ್ತೆ ನುಡಿಸುವುದಕ್ಕೆ ಸ್ಯಾಂಪ್ಲಿಂಗ್ ಎಂದೂ, ಆ ಕಡತಕ್ಕೆ ಸ್ಯಾಂಪಲ್ ಎಂದೂ ಹೆಸರು. ಅಮೆರಿಕದ ರೋಜರ್ ಲಿನ್ 1980ರಲ್ಲಿ ಹೊರತಂದ ಎಲ್ಎಂ-1 ಯಂತ್ರವು ನಿಜವಾದ ಡ್ರಮ್ಮಿನ ಸ್ಯಾಂಪಲ್‌ಗಳನ್ನು ಬಳಸಿದ ಮೊದಲ ಡ್ರಮ್ ಯಂತ್ರ. ಇಂದಿನ ಪ್ಯಾಡಿನೊಳಗೆ ಪೀಜೊ ಎಂಬ ಪುಟ್ಟ ಸಂವೇದಕವಿದ್ದು, ಅದು ಪೆಟ್ಟಿನ ಬಿರುಸನ್ನು ವಿದ್ಯುತ್ ಸಂಕೇತವಾಗಿಸುತ್ತದೆ; 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತ ಪದ್ಧತಿ ಆ ಬಿರುಸನ್ನು 1ರಿಂದ 127ರವರೆಗಿನ ಅಂಕಿಯಾಗಿ ಕಂಪ್ಯೂಟರಿಗೆ ತಲುಪಿಸಿದಾಗ, ಆ ಅಂಕಿಗೆ ಗೊತ್ತುಮಾಡಿದ ಸ್ಯಾಂಪಲ್ ನುಡಿಯುತ್ತದೆ.

ಈ ಕೆಲಸದ ಜೀವಾಳವಿರುವುದು ಮೆಲುಪೆಟ್ಟುಗಳಲ್ಲಿ. ಸ್ನೇರ್ ಡ್ರಮ್ಮನ್ನು ಬೆರಳಿನ ಬಲದಿಂದಷ್ಟೇ ಮುಟ್ಟಿದಾಗ ಅಡಿಯ ತಂತಿಗಳು ಸಣ್ಣಗೆ ಸರಗುಟ್ಟುತ್ತವೆ, ತೋಳಿನ ಬಲದಿಂದ ಹೊಡೆದಾಗ ಮೇಲಿನ ಸ್ವರಾಂಶಗಳು ಸಿಡಿದೇಳುತ್ತವೆ. ಅಂದರೆ ಬಿರುಸಿನೊಂದಿಗೆ ದನಿಯ ಗಾತ್ರ ಹೆಚ್ಚುವುದಷ್ಟೇ ಅಲ್ಲದೆ ಅದರ ಬಣ್ಣವೇ ಬದಲಾಗುವುದರಿಂದ, ಜೋರು ಪೆಟ್ಟಿನ ಸ್ಯಾಂಪಲ್ಲಿನ ಗಾತ್ರವನ್ನು ತಗ್ಗಿಸಿ ಮೆಲುಪೆಟ್ಟನ್ನು ಪಡೆಯಲಾಗದು. ಆದಕಾರಣ ಸ್ನೇರ್ ಒಂದಕ್ಕೇ ಎಂಟೋ ಹತ್ತೋ ಬಿರುಸಿನ ಮಟ್ಟಗಳನ್ನು ಮುದ್ರಿಸಿಕೊಳ್ಳುವುದು ಲೇಸು. ಪ್ರತಿ ಮಟ್ಟದಲ್ಲೂ ಮೂರು ನಾಲ್ಕು ಪೆಟ್ಟುಗಳಿದ್ದು ಅವು ಸರದಿಯಂತೆ ನುಡಿಯಬೇಕು. ಒಂದೇ ಕಡತ ಮತ್ತೆ ಮತ್ತೆ ನುಡಿದರೆ ಉರುಳುಪೆಟ್ಟು ಮೆಷಿನ್‌ಗನ್ನಿನ ಸದ್ದಿನಂತಾಗುತ್ತದೆ ಎಂಬುದು ಡ್ರಮ್ ವಾದಕರಲ್ಲಿ ರೂಢಿಯಲ್ಲಿರುವ ದೂರು.

ಮುದ್ರಣಕ್ಕೆ ಫ್ಲ್ಯಾಟ್ ಒಗ್ಗದಿರುವುದರಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಅಭ್ಯಾಸದ ಕೊಠಡಿ ಸೂಕ್ತ. ಫ್ಯಾನು, ಏಸಿಗಳನ್ನು ಆರಿಸಿ, ಸಿಂಬಲ್ಲಿನ ಅನುರಣನ ಪೂರ್ತಿ ಅಡಗುವವರೆಗೆ ಕಾದು ಮುಂದಿನ ಪೆಟ್ಟು ಹೊಡೆಯುವ ತಾಳ್ಮೆ ಇಲ್ಲಿ ದುಬಾರಿ ಮೈಕಿಗಿಂತ ಹೆಚ್ಚು ಫಲ ಕೊಡುತ್ತದೆ. ಬಳಿಕ ಕಂಪ್ಯೂಟರಿನಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ, ಪೆಟ್ಟಿಗೆ ಮುಂಚಿನ ಮೌನವನ್ನು ಕತ್ತರಿಸಬೇಕು. ಅಲ್ಲಿ 10 ಮಿಲಿಸೆಕೆಂಡ್ ಉಳಿದರೂ ವಾದಕರಿಗೆ ಡ್ರಮ್ಮು ಸುಮಾರು 3.4 ಮೀಟರ್ ದೂರಕ್ಕೆ ಸರಿದಷ್ಟು ತಡವಾಗಿ ದನಿ ಕೇಳಿಸುತ್ತದೆ. ಆದರೆ ಸ್ನೇರಿನ ಬಳಿ ಒಂದು, ಅದಕ್ಕಿಂತ ಒಂದು ಮೀಟರ್ ಮೇಲೆ ಇನ್ನೊಂದು ಮೈಕ್ ಇಟ್ಟಿದ್ದರೆ, ಮೇಲಿನ ಮೈಕಿಗೆ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುವುದು ಸಹಜವಾಗಿದ್ದು, ವಾದ್ಯದ ಸುತ್ತಲಿನ ಗಾಳಿಯ ಅನುಭವ ಕಿವಿಗೆ ಬರುವುದು ಆ ವ್ಯತ್ಯಾಸದಿಂದಲೇ ಆದ್ದರಿಂದ, ಎರಡನ್ನೂ ಒಂದೇ ಬಿಂದುವಿನಲ್ಲಿ ಕತ್ತರಿಸಿ ಆ ಅಂತರವನ್ನು ಉಳಿಸಿಕೊಳ್ಳಬೇಕು.

ಹೀಗೆ ಸಿದ್ಧವಾದ ಕಡತಗಳನ್ನು ಹೈಡ್ರೋಜನ್, ಡ್ರಮ್‌ಗಿಜ್ಮೊಗಳಂಥ ಉಚಿತ ತಂತ್ರಾಂಶಗಳಲ್ಲಿ ಜೋಡಿಸಬಹುದು. ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ಲು ತೆರೆದಿರುವಾಗಿನ ದನಿ, ಮುಚ್ಚಿದ ಪೆಟ್ಟು ಬಿದ್ದೊಡನೆ ನಿಲ್ಲುವಂತೆ ಏರ್ಪಡಿಸುವುದನ್ನು ಮರೆಯಬಾರದು. ಕಿಕ್ ಪೆಡಲಿನ ಗುದ್ದು ಮಾತ್ರ ಹೆಡ್‌ಫೋನಿಗೆ ಸಂಬಂಧವಿಲ್ಲದೆ ಸ್ಲ್ಯಾಬಿನ ಮೂಲಕ ಕೆಳಗಿನ ಮನೆಗೆ ಇಳಿಯುವುದರಿಂದ, ಪೆಡಲಿನಡಿ ದಪ್ಪ ರಬ್ಬರ್ ಹಾಸಿನ ಮಣೆ ಅಗತ್ಯ.

ಮೃದಂಗದಂಥ ವಾದ್ಯಕ್ಕೂ ಇದೇ ವಿಧಾನ ಸಲ್ಲುವುದೇ ಎಂಬ ಪ್ರಶ್ನೆ ಸಹಜ. ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರ ಪ್ರಬಂಧದಲ್ಲಿಯೂ ವಿವರಿಸಿದಂತೆ, ಚರ್ಮದ ಮೇಲಿನ ಕಪ್ಪು ಲೇಪವು ಅದರ ಕಂಪನಗಳನ್ನು ಸುಸ್ವರವಾಗಿಸುತ್ತದೆ, ಮತ್ತು ಬೆರಳು ಬೀಳುವ ಹಾಗೂ ಮುಟ್ಟಿನಿಲ್ಲುವ ಜಾಗ ಬದಲಾದಂತೆ ಬೇರೆ ಬೇರೆ ಕಂಪನಗಳು ಮೇಲೇಳುತ್ತವೆ. ಹೀಗಾಗಿ ಪ್ರತಿಯೊಂದು ಸೊಲ್ಲಿಗೂ, ಅಂದರೆ ಪ್ರತಿ ಬಗೆಯ ಪೆಟ್ಟಿಗೂ, ಪ್ರತ್ಯೇಕ ಸ್ಯಾಂಪಲ್‌ಗಳ ಗುಂಪು ಬೇಕಾಗುತ್ತದೆ. ಹಾಗೆ ಮಾಡಿದರೂ, ಎಡಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸುತ್ತ ಹೊಮ್ಮಿಸುವ ಗುಮಕಿಯಲ್ಲಿ ದನಿ ನುಡಿಯುತ್ತಿರುವಾಗಲೇ ಕೈ ಅದನ್ನು ಬಾಗಿಸುತ್ತಿರುವುದರಿಂದ, ಪೆಟ್ಟಿನ ಕ್ಷಣವನ್ನಷ್ಟೇ ಅರಿಯುವ ಪ್ಯಾಡಿಗೆ ಅದು ನಿಲುಕುವುದಿಲ್ಲ. ಆ ಪಾಠವನ್ನು ಮೃದಂಗವನ್ನೇ ಮುಂದಿಟ್ಟುಕೊಂಡು ಕಲಿಯಬೇಕು.