ನಡ ನೋವು ಅಂದ್ರ ಎಲುಬು ಸವೆದೈತಿ ಅಂತಲ್ಲ

ಮಾಗಿಯ ಚಳಿ ಇಳಿಯುವ ಹೊತ್ತಿಗೆ ಆಲಮೇಲದ ಸುತ್ತಿನ ಎರೆಹೊಲಗಳಲ್ಲಿ ಬಿಳಿಜೋಳ ಕೀಳುವವರನ್ನು ನೋಡಬೇಕು. ನಡ ಬಗ್ಗಿಸಿ, ಬುಡಕ್ಕೆ ಎರಡೂ ಕೈ ಹಾಕಿ, ಬೇರುಸಮೇತ ಎಳೆದು, ಮಣ್ಣು ಕೊಡವಿ ಸೂಡು ಕಟ್ಟಬೇಕು. ಮುಂಜಾನೆಯಿಂದ ಸಂಜೆತನಕ ಇದೇ. ರಾತ್ರಿ ನಡ ಹಿಡಿಯುತ್ತದೆ. ಹದಿನೈದು ದಿನವಾದರೂ ಬಿಡದಿದ್ದರೆ ಸಿಂದಗಿಗೋ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ ಒಂದು ಸ್ಕ್ಯಾನಿಂಗ್. ಆಮೇಲೆ ಒಂದು ಮಾತು: “ಮಣಕಾದಾಗ ಗ್ಯಾಪ್ ಬಂದೈತಿ ನೋಡವಾ, ಇನ್ನ ಬಗ್ಗಿ ಕೆಲಸ ಮಾಡಬ್ಯಾಡ.” ಎಷ್ಟೋ ಸಲ ನೋವು ಹೋದರೂ ಆ ಮಾತು ಹೋಗುವುದಿಲ್ಲ.

ನಂಬಿಕೆ: ನೋವು ಎಷ್ಟಿದೆಯೋ ಒಳಗೆ ಪೆಟ್ಟೂ ಅಷ್ಟೇ ಇದೆ.

ಸತ್ಯ: 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಬ್ಬ ಕಟ್ಟಡ ಕೆಲಸಗಾರನ ಸಂಗತಿಯನ್ನು ದಾಖಲಿಸಿತು. 15 ಸೆಂಟಿಮೀಟರ್ ಮೊಳೆಯ ಮೇಲೆ ಜಿಗಿದಿದ್ದ. ಮೊಳೆ ಬೂಟು ತೂರಿ ಮೇಲೆ ಬಂದಿತ್ತು. ಸ್ವಲ್ಪ ಅಲುಗಾಡಿಸಿದರೂ ತಾಳಲಾರದ ನೋವು. ಬೂಟು ಬಿಚ್ಚಿದರೆ ಮೊಳೆ ಎರಡು ಬೆರಳ ನಡುವೆ ಹಾದುಹೋಗಿತ್ತು, ಕಾಲಿಗೆ ಗಾಯವೇ ಇರಲಿಲ್ಲ. ಅವನು ಪಟ್ಟ ನೋವು ಸುಳ್ಳಲ್ಲ. ಅಪಾಯವಿದೆ ಎಂದು ಮಿದುಳು ಲೆಕ್ಕ ಹಾಕಿದಾಗಲೂ ನೋವು ನಿಜವಾಗಿಯೇ ಹುಟ್ಟುತ್ತದೆ. ಭಯ, ನಿದ್ದೆಗೇಡು, ಸಾಲದ ಚಿಂತೆ ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ನಂಬಿಕೆ: ಸ್ಕ್ಯಾನಿಂಗ್‌ನಲ್ಲಿ ಕಂಡದ್ದೇ ನೋವಿನ ಮೂಲ.

ಸತ್ಯ: ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯ ಪ್ರಕಾರ, 20ರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತದ ಗುರುತಿರುತ್ತದೆ, 80ರ ಹೊತ್ತಿಗೆ 96 ಮಂದಿಗೆ. ತಲೆಗೂದಲು ನರೆತಂತೆ ಇದೂ ವಯಸ್ಸಿನ ಗುರುತೇ ಹೆಚ್ಚು.

ನಂಬಿಕೆ: ನಡ ನೋವಿಗೆ ಹಾಸಿಗೆಯೇ ಮದ್ದು.

ಸತ್ಯ: ಅಲ್ಲ. ಎರಡು ದಿನ ಮಲಗಿದವರು ಏಳು ದಿನ ಮಲಗಿದವರಿಗಿಂತ ಬೇಗ ಕೆಲಸಕ್ಕೆ ಮರಳಿದ್ದನ್ನು ಅಮೆರಿಕದ ಪ್ರಯೋಗವೊಂದು 1986ರಲ್ಲೇ ತೋರಿಸಿದೆ.

ನಂಬಿಕೆ: ಇಂಥ ತಪ್ಪು ತಿಳಿವಳಿಕೆ ರೋಗಿಗಳದು, ಓದಿದವರದಲ್ಲ.

ಸತ್ಯ: ಓದಿದವರ ನಂಬಿಕೆಯನ್ನು ಅಳೆಯಲೆಂದೇ ನೆದರ್ಲೆಂಡ್ಸ್‌ನಲ್ಲಿ 2003ರಲ್ಲಿ ಒಂದು ಪ್ರಶ್ನಾವಳಿ ಸಿದ್ಧವಾಯಿತು. 2005ರ ಪರಿಷ್ಕರಣೆಯಲ್ಲಿ 19 ಹೇಳಿಕೆಗಳಿವೆ: ನೋವೆಂದರೆ ದೇಹದ ಹಾನಿ ಎನ್ನುವ ನೋಟದವು 10, ಮನಸ್ಸು, ಬದುಕು, ಭಯಗಳನ್ನೂ ಲೆಕ್ಕಕ್ಕೆ ಹಿಡಿಯುವವು 9. ಪ್ರತಿಯೊಂದಕ್ಕೂ ಪೂರ್ತಿ ಒಪ್ಪದಿರುವುದರಿಂದ ಪೂರ್ತಿ ಒಪ್ಪುವತನಕ ಆರು ಹಂತ. ತುಂಬುವವರು ಫಿಸಿಯೊಥೆರಪಿಸ್ಟ್‌ಗಳು. ಚಿಕಿತ್ಸಕರ ಭಯ ರೋಗಿಗಳಿಗೂ ದಾಟುತ್ತದೆ, ಅವರು ಕೊಡುವ ಸಲಹೆಯನ್ನೂ ಬದಲಿಸುತ್ತದೆ. ಅದಕ್ಕೇ ಇದನ್ನು ಅಳೆಯಬೇಕಾಗಿದೆ.

ನಂಬಿಕೆ: ಆ ಪ್ರಶ್ನಾವಳಿಯನ್ನು ಇನ್ನೊಂದು ಭಾಷೆಗೆ ತರುವುದು ನಿಘಂಟಿನ ಕೆಲಸ.

ಸತ್ಯ: ಕನ್ನಡಕ್ಕೆ ತರುವವರು ಹಿಡಿಯಬೇಕಾದ ದಾರಿ ಉದ್ದವಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು. ಅವರಲ್ಲೊಬ್ಬರು ವೈದ್ಯಕೀಯ ಓದಿರಬಾರದು. ಎರಡನ್ನೂ ಕೂಡಿಸಿದ ಮೇಲೆ, ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮೂಲಭಾಷೆಗೆ ತಿರುಗಿಸಬೇಕು. ತಜ್ಞರ ಸಮಿತಿ ಕೂತು ತಿದ್ದಬೇಕು. 30–40 ಜನರ ಮುಂದಿಟ್ಟು ‘ನಿಮಗೇನು ತಿಳಿಯಿತು’ ಎಂದು ಕೇಳಬೇಕು. ಅಷ್ಟಾದ ಮೇಲೂ, ಅದೇ ಜನ ಕೆಲದಿನ ಬಿಟ್ಟು ತುಂಬಿದರೆ ಉತ್ತರ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು.

ಇದೇಕೆ ಬೇಕೆಂಬುದಕ್ಕೆ ನಮ್ಮ ‘ನರ’ ಎಂಬ ಒಂದೇ ಪದ ಸಾಕು. ರಕ್ತ ತೆಗೆಯುವಾಗ “ನರ ಸಿಗವಲ್ದು” ಎನ್ನುತ್ತೇವೆ, ಮೀನಖಂಡ ಸೆಟೆದರೆ “ನರ ಹಿಡದೈತಿ”, ಕಾಲು ಜೋಮು ಹಿಡಿದರೂ ನರವೇ. ಚಿಕಿತ್ಸಕರು ‘ನರ ಒತ್ತಿದೆ’ ಎಂದಾಗ ಎದುರಿಗಿರುವವರ ಕಣ್ಣ ಮುಂದೆ ಯಾವುದು ಬರುತ್ತದೆ? ಪುಸ್ತಕದ ‘ಕೆಳಬೆನ್ನು’ ಆಲಮೇಲದಲ್ಲಿ ನಡ, ಇಲ್ಲವೇ ಟೊಂಕ. ‘ಅಂಗಾಂಶ ಹಾನಿ’ ಎಂದು ಬರೆದರೆ ಓದುವವರು ಪಾಠದ ಉತ್ತರ ಬರೆದಾರು, ತಮ್ಮ ನಂಬಿಕೆಯನ್ನಲ್ಲ. ನಮ್ಮ ಫಿಸಿಯೊಥೆರಪಿಸ್ಟ್‌ಗಳು ಓದುವುದು ಇಂಗ್ಲಿಷಿನಲ್ಲಿ, ಆದ್ದರಿಂದ ಇಂಗ್ಲಿಷ್ ಪ್ರಶ್ನಾವಳಿಯೇ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ರೋಗಿಯನ್ನು ಹೆದರಿಸುವುದೂ ಧೈರ್ಯ ತುಂಬುವುದೂ ಕನ್ನಡದಲ್ಲಿ. ‘ಗ್ಯಾಪ್’, ‘ಸವೆತ’ ಎಂಬ ಮಾತುಗಳ ಭಾರ ಕನ್ನಡದ ಹಾಳೆಯ ಮೇಲೇ ತೂಗಬೇಕು.

ಹಾಗಂತ ಎಲ್ಲ ನಡ ನೋವನ್ನೂ ಹಗುರ ಮಾಡುವಂತಿಲ್ಲ. ಕಾಲಿನ ಕಸು ದಿನೇದಿನೇ ಕುಂದಿದರೆ, ಮೂತ್ರ–ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಜ್ವರವೋ ಕಾರಣವಿಲ್ಲದ ತೂಕ ಇಳಿತವೋ ಜೊತೆಗಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ತಡಮಾಡದೆ ದವಾಖಾನಿಗೆ ಹೋಗಿ. ಉಳಿದಂತೆ ಯಾರಾದರೂ ಫಿಲ್ಮು ಬೆಳಕಿಗೆ ಹಿಡಿದು ಗ್ಯಾಪ್ ತೋರಿಸಿದರೆ, ಹೆದರಿ ಎದ್ದು ಬರುವ ಮೊದಲು ಇದೊಂದು ಕೇಳಿ: “ನನ್ನ ವಾರಿಗಿ ಮಂದಿಗೂ ಇದು ಇರ್ತೈತೇನ್ರಿ?”